ಮೂಳೆ ಸಿಕ್ಕ ಮೇಲೆ

ಹುಟ್ಟುಹಬ್ಬದ ಮನೆ. ಮಕ್ಕಳ ಗಲಾಟೆ. ಒಂದು ಪುಟ್ಟ ಮಗು ನೆಲದ ಮೇಲೆ ಕೂತು ಏನನ್ನೋ ಕಚ್ಚುತ್ತಿದೆ. ತಮ್ಮನನ್ನು ಕರೆದುಕೊಂಡು ಹೋಗಲು ಬಂದ ಮೆಡಿಕಲ್ ವಿದ್ಯಾರ್ಥಿಯೊಬ್ಬ ಸುಮ್ನೆ ಆ ಕಡೆ ನೋಡುತ್ತಾನೆ. ಹತ್ತಿರ ಹೋಗಿ ಮಗುವಿನ ಬಾಯಿಂದ ಅದನ್ನು ಬಿಡಿಸಿಕೊಳ್ಳುತ್ತಾನೆ. ಮನುಷ್ಯರ ಪಕ್ಕೆಲುಬಿನ ತುಂಡು.

ಐಸ್‌ಲ್ಯಾಂಡಿನ ಅರ್ನಾಲ್ಡುರ್ ಇಂಡ್ರಿದಾಸನ್ ಬರೆದ 'ಸೈಲೆನ್ಸ್ ಆಫ್ ದಿ ಗ್ರೇವ್' ಕಾದಂಬರಿ ಶುರುವಾಗುವುದು ಹೀಗೆ. ಮೊನ್ನೆ ಮೂರನೇ ಸಲ ಓದಿ ಮುಗಿಸಿದೆ. ಬೆಳಗಿನ ವಾಕಿಂಗಿನಲ್ಲಿ ಗೆಳತಿಗೆ ಇದರ ಕಥೆ ಹೇಳುತ್ತಿದ್ದೆ. ಅವಳು ನಡುದಾರಿಯಲ್ಲಿ ನಿಂತು ಕೇಳಿದಳು: "ಅಲ್ಲ ಕಣೇ, ಯುದ್ಧದ ಕಾಲದಲ್ಲಿ ಸತ್ತೋರು. ಕೊಂದೋನೂ ಇಷ್ಟು ಹೊತ್ತಿಗೆ ಸತ್ತಿರ್ತಾನೆ. ಈಗ ಅಗೆದು ಯಾರನ್ನ ಜೈಲಿಗೆ ಹಾಕ್ತಾರೆ?"

ಆಗ ನನಗೆ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಮನೆಗೆ ಬಂದ ಮೇಲೂ ಅದೇ ಪ್ರಶ್ನೆ ತಲೆಯಲ್ಲಿ. ಇಲ್ಲಿ ಬರೆಯುತ್ತಿರುವುದು ಅವಳಿಗೆ ಕೊಡಬೇಕಾಗಿದ್ದ ಉತ್ತರ. ಸ್ವಲ್ಪ ಉದ್ದವಾಗಿದೆ.

ನಾನು ಪತ್ತೇದಾರಿ ಕಾದಂಬರಿಗಳಿಗೆ ಬಿದ್ದದ್ದು ಶಾಲೆಯ ದಿನಗಳಲ್ಲಿ. ಬೀದಿ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಎನ್. ನರಸಿಂಹಯ್ಯನವರ ಪುಸ್ತಕಗಳು ಬೈಂಡು ಕಿತ್ತು ಹೋಗುವಷ್ಟು ಕೈ ಬದಲಾಯಿಸುತ್ತಿದ್ದವು. ಪತ್ತೇದಾರ ಪುರುಷೋತ್ತಮ ಕೊನೆಗೆ ಕೊಲೆಗಾರನನ್ನು ಹಿಡಿದೇ ಹಿಡಿಯುತ್ತಾನೆ ಅನ್ನುವ ನಂಬಿಕೆಯಲ್ಲಿ ನಿದ್ದೆ ಬರುತ್ತಿತ್ತು. ಆ ಸುಖವೇ ಬೇರೆ, ಅದನ್ನು ಕಡಿಮೆ ಅನ್ನಲಾರೆ. ಆದರೆ ಯುದ್ಧಕಾಲದ ಕೊಲೆಗಳನ್ನು ಅಗೆಯುವ ಕಾದಂಬರಿಗಳಲ್ಲಿ ಹಿಡಿಯಬೇಕಾದವನು ಎಷ್ಟೋ ಸಲ ಇರುವುದೇ ಇಲ್ಲ. ಅಲ್ಲಿ ನನ್ನನ್ನು ಎಳೆಯುವ ಪ್ರಶ್ನೆ ಇನ್ನೊಂದು. ಇದು ಯಾರ್ಯಾರಿಗೆ ಗೊತ್ತಿತ್ತು? ಗೊತ್ತಿದ್ದೂ ಇಷ್ಟು ವರ್ಷ ಹೇಗೆ ಸುಮ್ಮನಿದ್ದರು?

ಮೊದಲು ಐಸ್‌ಲ್ಯಾಂಡಿನ ಕಥೆ ಹೇಳುತ್ತೇನೆ. ಕೊನೆ ಹೇಳುವುದಿಲ್ಲ, ಹೆದರಬೇಡಿ. 1940ರ ಮೇ 10ರಂದು ಬ್ರಿಟಿಷ್ ಸೇನೆ ಆ ದ್ವೀಪಕ್ಕೆ ಬಂದಿಳಿಯಿತು. ಯಾರೂ ಕರೆದಿರಲಿಲ್ಲ. ಮರುವರ್ಷ ಅಮೆರಿಕದವರು ಬಂದರು. ಆಗ ಇಡೀ ದೇಶದಲ್ಲಿ ಇದ್ದದ್ದೇ ಸುಮಾರು 1 ಲಕ್ಷ 20 ಸಾವಿರ ಜನ. ಅಂಥ ಕಡೆ ಸಾವಿರಾರು ಸೈನಿಕರು, ತಗಡಿನ ಶೆಡ್ಡುಗಳು, ಗೋದಾಮುಗಳು. ಕಾದಂಬರಿಯಲ್ಲಿ ರೇಕ್ಯವಿಕ್ ಹೊರಗಿನ ಗುಡ್ಡದ ಮೇಲೆ ಹೊಸ ಬಡಾವಣೆಗೆ ಪಾಯ ತೋಡುವಾಗ ಅಸ್ಥಿಪಂಜರ ಸಿಗುತ್ತದೆ. ಹಳೆಯದಾದ್ದರಿಂದ ಅಗೆಯುವ ಕೆಲಸ ಪುರಾತತ್ವದವರಿಗೆ ಹೋಗುತ್ತದೆ. ಅವರು ಕರಣೆ, ಕುಂಚ ಹಿಡಿದು ಒಂದೊಂದೇ ಪದರ ಬಿಡಿಸುತ್ತಾರೆ. ಪೊಲೀಸ್ ಅಧಿಕಾರಿ ಎರ್ಲೆಂದುರ್ ಕಾಯಬೇಕು. ನಾವೂ ಕಾಯಬೇಕು. ಹೂತಿರುವುದು ಗಂಡೋ ಹೆಣ್ಣೋ ಅನ್ನುವುದೂ ಬೇಗ ತಿಳಿಯುವುದಿಲ್ಲ.

ಆ ಕಾಯುವಿಕೆಯ ನಡುನಡುವೆ ಯುದ್ಧಕಾಲದ ಒಂದು ಮನೆಯ ಕಥೆ ಬರುತ್ತದೆ. ಒಬ್ಬ ತಾಯಿ, ಮೂವರು ಮಕ್ಕಳು, ಹೊಡೆಯುವ ಗಂಡ. ಓದಲು ಕಷ್ಟವಾಗುತ್ತದೆ. ಮೊದಲ ಸಲ ಓದಿದಾಗ ಎರಡು ಕಡೆ ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದಿದ್ದೆ. ಲೋಕವೆಲ್ಲ ಉರಿಯುತ್ತಿದ್ದಾಗ ಗುಡ್ಡದ ಮೇಲಿನ ಒಂಟಿ ಮನೆಯಲ್ಲಿ ಹೆಂಗಸೊಬ್ಬಳು ಏಟು ತಿನ್ನುತ್ತಿರುವುದು ಯಾರ ಲೆಕ್ಕಕ್ಕೆ? ಗೊತ್ತಿದ್ದವರಿಗೂ ಅದು ಗಂಡ ಹೆಂಡತಿ ವಿಷಯ. ಹೂತಿಟ್ಟ ಹೆಣ ಅಂದರೆ ಸೈನಿಕರದ್ದೇ ಇರಬೇಕು, ಕೊಂದವನು ಶತ್ರುವೇ ಆಗಿರಬೇಕು ಅನ್ನುವ ನಮ್ಮ ಅಂದಾಜನ್ನು ಈ ಪುಸ್ತಕ ಒಂದೇ ಏಟಿಗೆ ಕೆಡವಿ ಹಾಕುತ್ತದೆ. 2005ರಲ್ಲಿ ಬ್ರಿಟನ್ನಿನ ಅಪರಾಧ ಕಾದಂಬರಿಕಾರರ ಸಂಘ ಇದಕ್ಕೆ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಕೊಟ್ಟಿತು. ಸರಿಯಾದ ಪುಸ್ತಕಕ್ಕೇ ಕೊಟ್ಟರು.

ಇನ್ನೊಂದು ಪುಸ್ತಕದ ಬಗ್ಗೆ ಜಾಸ್ತಿ ಹೇಳಬೇಕು. ಅದಕ್ಕೆ ಮೊದಲು ನನ್ನ ಕೆಲಸದ ವಿಷಯ. ನಾನು ನೌಕರಿ ಮಾಡಿದ್ದು ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ. ಕೆಂಪು ದಾರ ಕಟ್ಟಿದ ಕಡತಗಳು, ಟಪಾಲು ರಿಜಿಸ್ಟರ್, ಗೆದ್ದಲಿನ ವಾಸನೆ. ಹಾಳೆಯ ಅಂಚಿನ ಒಂದು ಸಣ್ಣ ಇನಿಷಿಯಲ್ ನೋಡಿ ಇದು ಯಾರ ಟೇಬಲ್ ದಾಟಿ ಬಂತು, ಯಾರು ನೋಡಿದ್ದರು, ಯಾರು ನೋಡಿಲ್ಲ ಅನ್ನಲಾರರು ಅಂತ ಹೇಳುವುದು ನಮಗೆ ಅಭ್ಯಾಸ. ಹಾಗಾಗಿ ಫ್ರಾನ್ಸಿನ ದಿದಿಯೆ ದೆನಿಂಕ್ಸ್ ಬರೆದ 'ಮರ್ಡರ್ ಇನ್ ಮೆಮೋರಿಯಮ್' ನನ್ನನ್ನು ಬೇರೆಯದೇ ರೀತಿ ಹಿಡಿಯಿತು.

1961ರ ಅಕ್ಟೋಬರ್ 17. ಫ್ರಾನ್ಸಿನ ವಿರುದ್ಧ ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದ ಕಾಲ. ತಮ್ಮ ಮೇಲೆ ಹೇರಿದ್ದ ರಾತ್ರಿ ಕರ್ಫ್ಯೂ ವಿರೋಧಿಸಿ ಅಲ್ಜೀರಿಯನ್ನರು ಪ್ಯಾರಿಸ್ಸಿನ ಬೀದಿಗಿಳಿದರು. ಪೊಲೀಸರು ಹೊಡೆದರು, ಗುಂಡು ಹಾರಿಸಿದರು, ಎಷ್ಟೋ ಜನರನ್ನು ಸೆನ್ ನದಿಗೆ ಎಸೆದರು. ಆಗ ಸರ್ಕಾರ ಒಪ್ಪಿಕೊಂಡದ್ದು 3 ಸಾವು. ಕೆಲವು ಇತಿಹಾಸಕಾರರ ಲೆಕ್ಕ ನೂರು ದಾಟುತ್ತದೆ. ಕಾದಂಬರಿಯಲ್ಲಿ ಅದೇ ರಾತ್ರಿ ಇತಿಹಾಸದ ಮೇಷ್ಟ್ರೊಬ್ಬರು ಗುಂಡೇಟಿಗೆ ಸಾಯುತ್ತಾರೆ. ಆ ಗದ್ದಲದಲ್ಲಿ ಒಂದು ಹೆಣ ಜಾಸ್ತಿಯಾದರೆ ಯಾರು ಕೇಳುತ್ತಾರೆ? 20 ವರ್ಷ ಕಳೆದ ಮೇಲೆ ಅವರ ಮಗ ತುಲೂಸ್ ನಗರದಲ್ಲಿ ಹಳೆಯ ಸರ್ಕಾರಿ ದಾಖಲೆಗಳನ್ನು ಓದಿ ಹೊರಬರುವಾಗ ಅವನನ್ನೂ ಕೊಲ್ಲುತ್ತಾರೆ. ಇನ್‌ಸ್ಪೆಕ್ಟರ್ ಕಾದಾಂ ಬೆನ್ನು ಹತ್ತಿದ ಜಾಡು ಇನ್ನೂ ಹಿಂದಕ್ಕೆ, ಎರಡನೇ ಮಹಾಯುದ್ಧದ ಕಾಲಕ್ಕೆ ಹೋಗುತ್ತದೆ. ಪ್ಯಾರಿಸ್ ಪಕ್ಕದ ದ್ರಾನ್ಸಿ ಶಿಬಿರಕ್ಕೆ. ಯಹೂದಿಗಳನ್ನು ಕೂಡಿಹಾಕಿ ಅಲ್ಲಿಂದ ರೈಲಿನಲ್ಲಿ ಆಶ್‌ವಿಟ್ಜ್‌ಗೆ ಕಳಿಸುತ್ತಿದ್ದ ಜಾಗ ಅದು.

ಈ ಪುಸ್ತಕ ಬಂದದ್ದು 1980ರ ದಶಕದ ಮೊದಲ ಭಾಗದಲ್ಲಿ. ಅದೇ ಸಮಯದಲ್ಲಿ ಫ್ರಾನ್ಸಿನಲ್ಲಿ ಒಂದು ನಿಜವಾದ ಕಡತ ತೆರೆದುಕೊಂಡಿತ್ತು. ಮೋರೀಸ್ ಪಪಾಂ ಅನ್ನುವ ಅಧಿಕಾರಿ ಯುದ್ಧಕಾಲದಲ್ಲಿ ಬೋರ್ಡೋ ನಗರದ ಆಡಳಿತದಲ್ಲಿದ್ದವನು. ಅಲ್ಲಿಂದ ಸುಮಾರು 1,600 ಯಹೂದಿಗಳನ್ನು ಸಾಗಿಸಿದ ವ್ಯವಸ್ಥೆಯಲ್ಲಿ ಅವನ ಕೈಯಿತ್ತು. ಯುದ್ಧ ಮುಗಿದ ಮೇಲೆ ಅವನಿಗೆ ಏನೂ ಆಗಲಿಲ್ಲ. ಮೇಲೆ ಮೇಲೆ ಹೋದ. 1961ರ ಆ ರಾತ್ರಿ ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥ ಅವನೇ. ಮುಂದೆ ಮಂತ್ರಿಯೂ ಆದ. 1981ರಲ್ಲಿ ಪತ್ರಿಕೆಯೊಂದು ಅವನ ಸಹಿ ಇದ್ದ ಯುದ್ಧಕಾಲದ ಕಾಗದಗಳನ್ನು ಅಚ್ಚು ಹಾಕಿತು. ವಿಚಾರಣೆ ಶುರುವಾಗಲು 1997 ಬರಬೇಕಾಯಿತು. 1998ರಲ್ಲಿ 10 ವರ್ಷ ಶಿಕ್ಷೆ. 2002ರಲ್ಲೇ ಅನಾರೋಗ್ಯದ ಕಾರಣಕ್ಕೆ ಬಿಡುಗಡೆ.

ಅವನು ಯಾರನ್ನೂ ಕೈಯಾರೆ ಕೊಂದವನಲ್ಲ. ಸಹಿ ಹಾಕಿದ, ಅಷ್ಟೇ. ಆ ಸಹಿಯ ಮುಂದೆ ರೈಲು, ರೈಲಿನ ಮುಂದೆ ಶಿಬಿರ. ನನ್ನ ಕೈಯಲ್ಲೂ ದಿನಕ್ಕೆ ನೂರಾರು ಕಾಗದ ದಾಟಿ ಹೋಗಿವೆ. ಯಾವ ಕಾಗದ ಯಾರ ಬದುಕಿಗೆ ಏನು ಮಾಡಿತು ಅಂತ ನಿಂತು ಯೋಚಿಸಿದ್ದು ಕಡಿಮೆ. ಈ ಕಾದಂಬರಿ ಓದಿದ ಮೇಲೆ ಸಹಿ ಮಾಡುವಾಗ ಒಂದು ಕ್ಷಣ ಕೈ ತಡೆಯುತ್ತಿತ್ತು.

ಇದೇ ಕಾರಣಕ್ಕೆ ಜರ್ಮನಿಯ ಇರ್ಮ್‌ಗಾರ್ಡ್ ಫುರ್ಖ್ನರ್ ಸುದ್ದಿಯನ್ನು ಬಿಡದೆ ಓದಿದೆ. ನಾಜಿಗಳ ಷ್ಟುಟ್‌ಹೋಫ್ ಸೆರೆ ಶಿಬಿರದ ಕಮಾಂಡರನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು. ಆಗ 18-19ರ ಹುಡುಗಿ. 2022ರ ಡಿಸೆಂಬರಿನಲ್ಲಿ, ತನ್ನ 97ನೇ ವಯಸ್ಸಿನಲ್ಲಿ, 10 ಸಾವಿರಕ್ಕೂ ಹೆಚ್ಚು ಕೊಲೆಗಳಿಗೆ ನೆರವಾದಳೆಂದು ಅವಳಿಗೆ 2 ವರ್ಷಗಳ ಶಿಕ್ಷೆಯಾಯಿತು. ಜೈಲಿಗೆ ಹೋಗಬೇಕಾಗಿರಲಿಲ್ಲ, ಶಿಕ್ಷೆಯನ್ನು ಅಮಾನತಿನಲ್ಲಿ ಇಟ್ಟಿದ್ದರು. "ಪಾಪ, ಮುದುಕಿ, ಬಿಟ್ಟುಬಿಡಬೇಕಿತ್ತು" ಅಂದವರು ಬಹಳ ಜನ. ನನಗೆ ಹಾಗನ್ನಿಸುವುದಿಲ್ಲ. ಕೋರ್ಟಿಗೆ ಬಂದು ಸಾಕ್ಷಿ ಹೇಳಿದವರಿಗೂ ಅಷ್ಟೇ ವಯಸ್ಸಾಗಿತ್ತಲ್ವಾ? ಕೊಲೆಗೆ ಕಾಲಮಿತಿ ಇರಕೂಡದು ಅಂತ ಪಶ್ಚಿಮ ಜರ್ಮನಿಯ ಸಂಸತ್ತು ವರ್ಷಗಟ್ಟಲೆ ಜಗಳವಾಡಿ 1979ರಲ್ಲಿ ತೀರ್ಮಾನಿಸಿತು. ಆ ತೀರ್ಮಾನ ಇಲ್ಲದಿದ್ದರೆ ಆ ಸಾಕ್ಷಿಗಳ ಮಾತನ್ನು ಕೇಳುವ ಕೋರ್ಟೇ ಇರುತ್ತಿರಲಿಲ್ಲ.

ಈ ಜಾತಿಯ ಕಾದಂಬರಿಗಳೆಲ್ಲ ಒಳ್ಳೆಯವು ಅಂತ ನಾನು ಹೇಳುತ್ತಿಲ್ಲ. ಈಚೆಗೆ ಓದಿದ ಎಷ್ಟೋ ಪುಸ್ತಕಗಳಲ್ಲಿ ಅಟ್ಟದ ಮೇಲೆ ಒಂದು ಡೈರಿ ಸಿಗುತ್ತದೆ. ಅದರಲ್ಲಿ ಎಲ್ಲ ಅಚ್ಚುಕಟ್ಟಾಗಿ ಬರೆದಿರುತ್ತದೆ. ನಾಜಿ ಸಮವಸ್ತ್ರ ತೊಟ್ಟ ಒಬ್ಬ ರಾಕ್ಷಸ ಇರುತ್ತಾನೆ, ಉಳಿದವರೆಲ್ಲ ಒಳ್ಳೆಯವರು. ಲಕ್ಷಾಂತರ ಜನರ ಸಾವು ಇಲ್ಲಿ ಬರೀ ಒಗ್ಗರಣೆ. ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಕಾಗದ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ, ಮನುಷ್ಯರಂತೂ ಬಿಡುವುದೇ ಇಲ್ಲ. ನಾರ್ವೆಯ ಯೂ ನೆಸ್ಬೋ ಬರೆದ 'ದಿ ರೆಡ್‌ಬ್ರೆಸ್ಟ್' ಸ್ವಲ್ಪ ಸಿನಿಮಾ ಥರ ಇದ್ದರೂ ಈ ಸುಲಭದ ದಾರಿ ಹಿಡಿಯುವುದಿಲ್ಲ. ತಮ್ಮದೇ ಊರಿನ ಹುಡುಗರು ಜರ್ಮನರ ಕಡೆ ಸೇರಿ ಲೆನಿನ್‌ಗ್ರಾಡ್ ಹೊರಗಿನ ಕಂದಕಗಳಲ್ಲಿ ಹೋರಾಡಿದ್ದನ್ನು ಅದು ಮುಚ್ಚಿಡುವುದಿಲ್ಲ.

ಈಗ ಗೆಳತಿಯ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ನಮ್ಮ ಮನೆಯ ಕಥೆಯೊಂದನ್ನು ಹೇಳಲೇಬೇಕು.

ನಮ್ಮಜ್ಜಿಯ ಅಣ್ಣ ಸೈನ್ಯ ಸೇರಿ ಸಿಂಗಾಪುರಕ್ಕೆ ಹೋದವರು. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರಿಗೆ ಶರಣಾಯಿತು. ಆಮೇಲೆ ಮನೆಗೆ ಬಂದದ್ದು ಒಂದೇ ಕಾಗದ, 'ಕಾಣೆಯಾಗಿದ್ದಾರೆ' ಅಂತ. ಅವರ ಹೆಂಡತಿಯನ್ನು ನಾವು ದೊಡ್ಡಜ್ಜಿ ಅನ್ನುತ್ತಿದ್ದೆವು. ಕಾಣೆಯಾದವರಿಗೆ 12 ವರ್ಷ ಕಾಯುವುದು, ಬಾರದಿದ್ದರೆ ದರ್ಭೆಯ ಬೊಂಬೆ ಮಾಡಿ ಸಂಸ್ಕಾರ ಮುಗಿಸುವುದು ನಮ್ಮ ಕಡೆಯ ಪದ್ಧತಿ. ಹಿರಿಯರು ಎಲ್ಲ ಗೊತ್ತು ಮಾಡಿದರು. ದೊಡ್ಡಜ್ಜಿ ಒಪ್ಪಲಿಲ್ಲ. "ಕಣ್ಣಾರೆ ಕಂಡೋರು ಯಾರಾದ್ರೂ ಇದ್ರೆ ಕರ್ಕೊಂಡ್ ಬನ್ನಿ, ಆಮೇಲೆ ಕುಂಕುಮ ಅಳಿಸ್ತೀನಿ" ಅಂದರಂತೆ. ಸಾಯುವ ತನಕ ಹಣೆಯಲ್ಲಿ ಕುಂಕುಮ ಇತ್ತು. ಕೆಲವು ಮನೆಯವರು ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದರು, ಕೆಲವರು ಅವರ ಮನೆ ದಾಟಿ ಮುಂದಿನ ಮನೆಗೆ ಹೋಗುತ್ತಿದ್ದರು. ಚಿಕ್ಕವಳಾಗಿದ್ದ ನಾನು ಇದನ್ನು ನೋಡಿದ್ದೇನೆ.

ಸಿಂಗಾಪುರದಲ್ಲಿ ಸೆರೆಯಾದ ಭಾರತೀಯ ಸೈನಿಕರಲ್ಲಿ ಸಾವಿರಾರು ಜನರನ್ನು ಜಪಾನೀಯರು ನ್ಯೂಗಿನಿ ಕಡೆಯ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಅಲ್ಲಿ ಹಸಿವಿಗೆ, ರೋಗಕ್ಕೆ, ಕಾವಲಿನವರ ಹೊಡೆತಕ್ಕೆ ಸತ್ತವರಿಗೆ ಲೆಕ್ಕವಿಲ್ಲ. ನಮ್ಮವರು ಅವರಲ್ಲಿ ಇದ್ದರೋ ಇಲ್ಲವೋ ತಿಳಿಯಲಿಲ್ಲ. ಸಿಂಗಾಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲೆ ಸಮಾಧಿ ಇಲ್ಲದ 24 ಸಾವಿರಕ್ಕೂ ಹೆಚ್ಚು ಜನರ ಹೆಸರುಗಳಿವೆ. ಆ ಪಟ್ಟಿಯಲ್ಲಿ ನಮ್ಮ ಅಜ್ಜನ ಹೆಸರಿಗೆ ಹೋಲುವ ಎರಡು ಹೆಸರು ಸಿಕ್ಕವು. ಕಾಗುಣಿತ ಬೇರೆ, ಊರಿನ ಹೆಸರಿಲ್ಲ. ರೆಕಾರ್ಡ್ ರೂಮಿನಲ್ಲಿ ಇಷ್ಟು ವರ್ಷ ಕಳೆದ ನನಗೆ ನಮ್ಮ ಮನೆಯ ಕಡತವನ್ನೇ ಮುಗಿಸಲು ಆಗಲಿಲ್ಲ.

ಸ್ಪೇನಿನ ಸುದ್ದಿ ಓದಿದಾಗ ದೊಡ್ಡಜ್ಜಿ ಎದುರಿಗೆ ಬಂದು ಕೂತ ಹಾಗಾಯಿತು. ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ, 1936ರಲ್ಲಿ, ಪ್ರಿಯರಾನ್ಸಾ ಅನ್ನುವ ಹಳ್ಳಿಯ ರಸ್ತೆ ಪಕ್ಕದಲ್ಲಿ 13 ಜನರನ್ನು ಕೊಂದು ಹೂತಿದ್ದರು. ಊರಿನವರಿಗೆ ಜಾಗ ಗೊತ್ತಿತ್ತು. 2000ದಲ್ಲಿ ಎಮಿಲಿಯೋ ಸಿಲ್ವಾ ಅನ್ನುವ ಪತ್ರಕರ್ತ ತನ್ನ ಅಜ್ಜನನ್ನು ಹುಡುಕಿ ಅಲ್ಲಿ ಅಗೆಸಿದ. ಡಿಎನ್‌ಎ ಪರೀಕ್ಷೆ ಗುರುತು ಹೇಳಿತು. ಅಜ್ಜನ ಮೂಳೆಗಳನ್ನು ಅಜ್ಜಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಜೈಲಿಗೆ ಯಾರೂ ಹೋಗಲಿಲ್ಲ. ಆದರೆ ಅಜ್ಜಿಯ ಪಕ್ಕದ ಖಾಲಿ ಜಾಗ ಖಾಲಿ ಉಳಿಯಲಿಲ್ಲ.

ಕೊನೆಯದಾಗಿ ಮೇಮಾಕ್ ವಿಷಯ. ಫ್ರಾನ್ಸಿನ ನಡುಭಾಗದ ಸಣ್ಣ ಊರು. 2023ರಲ್ಲಿ ಎಡ್ಮಂಡ್ ರೆವೆಯ್ ಅನ್ನುವ 98 ವರ್ಷದ ವೃದ್ಧರು ಬಾಯಿ ಬಿಟ್ಟರು. ಅವರು ಹುಡುಗನಾಗಿದ್ದಾಗ ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡಿದವರು. 1944ರ ಜೂನ್ 9ರಂದು ಜರ್ಮನ್ ಸೈನಿಕರು ಪಕ್ಕದ ತ್ಯುಲ್ ಊರಿನಲ್ಲಿ 99 ಜನರನ್ನು ನೇಣು ಹಾಕಿದ್ದರು. ಮರುದಿನ ಒರಾದೂರ್ ಹಳ್ಳಿಯನ್ನೇ ಸುಟ್ಟು 643 ಜನರನ್ನು ಕೊಂದರು. ಎರಡು ದಿನ ಕಳೆದ ಮೇಲೆ, ಜೂನ್ 12ರಂದು, ರೆವೆಯ್ ಅವರ ತಂಡ ತಾನು ಹಿಡಿದಿದ್ದ 40ಕ್ಕೂ ಹೆಚ್ಚು ಜರ್ಮನ್ ಕೈದಿಗಳನ್ನು ಕಾಡಿನಲ್ಲಿ ಗುಂಡಿಟ್ಟು ಕೊಂದಿತು. ಅವರ ಕೈಯಲ್ಲೇ ಗುಂಡಿ ತೋಡಿಸಿ. ಜೊತೆಗೆ ಒಬ್ಬ ಫ್ರೆಂಚ್ ಹೆಂಗಸನ್ನೂ ಕೊಂದರು, ಶತ್ರುಗಳಿಗೆ ನೆರವಾದಳು ಅನ್ನುವ ಆರೋಪದ ಮೇಲೆ. ಅವಳಿಗೆ ಗುಂಡಿಕ್ಕಲು ಯಾರಿಗೂ ಮನಸ್ಸಿಲ್ಲದೆ ಚೀಟಿ ಎತ್ತಿದರಂತೆ. ತಾನು ಗುಂಡು ಹಾರಿಸಲಿಲ್ಲ ಅಂದರು ರೆವೆಯ್.

1967ರಲ್ಲೇ ಅಲ್ಲಿ 11 ದೇಹಗಳನ್ನು ಹೊರತೆಗೆದಿದ್ದರು. ಆ ಅಗೆತ ಸದ್ದಿಲ್ಲದೆ ನಡೆದು ಸದ್ದಿಲ್ಲದೆ ನಿಂತಿತ್ತು. 2023ರ ಆಗಸ್ಟಿನಲ್ಲಿ ಮತ್ತೆ ಅಗೆದರು. ಉಳಿದವರ ಮೂಳೆ ಸಿಗಲಿಲ್ಲ. ರೆವೆಯ್ ಇದನ್ನು ಹೆಂಡತಿಗೂ ಮಕ್ಕಳಿಗೂ ಹೇಳದೆ ಬದುಕಿದ್ದರು. ಕೊಂದವರು ನಾಡಿನ ಕಣ್ಣಿಗೆ ವೀರರು, ಅವರ ಹೋರಾಟ ನ್ಯಾಯದ್ದೇ. ಆ ಗುಂಡಿಯೂ ನಿಜ. ಎರಡನ್ನೂ ಒಟ್ಟಿಗೆ ಹೇಳಲು ಅವರಿಗೆ ಒಂದು ಜೀವಮಾನ ಬೇಕಾಯಿತು. ಆ ಹೆಂಗಸಿನ ಹೆಸರು ನಾನು ಓದಿದ ಯಾವ ವರದಿಯಲ್ಲೂ ಇರಲಿಲ್ಲ.

ನಿನ್ನೆ ವಾಕಿಂಗಿನಲ್ಲಿ ಇದಿಷ್ಟನ್ನೂ ಗೆಳತಿಗೆ ಹೇಳಿದೆ. ದೊಡ್ಡಜ್ಜಿಯ ಕಥೆ ಅವಳಿಗೆ ಮೊದಲೇ ಗೊತ್ತಿತ್ತು. ಪಾರ್ಕಿನ ಗೇಟಿನ ತನಕ ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಆ ಹೆಂಗಸಿಗೆ ಮಕ್ಕಳಿದ್ರೇನೇ?"