ಪದಕಕ್ಕೊಂದು ಪಹಣಿ

ಜಮೀನಿಗೆ ಪಹಣಿ ಇದೆ, ಮ್ಯುಟೇಶನ್ ಇದೆ, ಋಣಭಾರ ಪತ್ರ ಇದೆ. ಮದ್ದು ಪರೀಕ್ಷೆಯಲ್ಲಿ ಯಾರಾದರೂ ಸಿಕ್ಕಿಬಿದ್ದಾಗಲೆಲ್ಲ ಕೈ ಬದಲಾಗುವ ಓಟದ ಪದಕಕ್ಕೆ ಇದ್ಯಾವುದೂ ಇಲ್ಲ. ಎಂಥ ದೊಡ್ಡ ಕೊರತೆ! ರಷ್ಯಾದ ಅನಸ್ತಾಸಿಯಾ ಕಪಾಚಿನ್ಸ್ಕಯಾ ಅವರ ಓಟದ ಬದುಕನ್ನು ಕ್ರೀಡಾ ವರದಿಗಾರರ ಬದಲು ಒಬ್ಬ ಅನುಭವಿ ಗ್ರಾಮ ಲೆಕ್ಕಿಗರಿಗೆ ಒಪ್ಪಿಸಿದ್ದರೆ ಲೆಕ್ಕ ಚೊಕ್ಕವಾಗಿರುತ್ತಿತ್ತು.

ಮೊದಲ ಸರ್ವೆ ನಂಬರ್: 2003ರ ಮಾರ್ಚ್, ಬರ್ಮಿಂಗ್‌ಹ್ಯಾಮ್, ಒಳಾಂಗಣ ವಿಶ್ವ ಕೂಟದ 200 ಮೀಟರ್. ಮೂರನೇ ಸ್ಥಾನ, ಕಂಚು. ಗೆದ್ದಿದ್ದ ಅಮೆರಿಕದ ಮಿಷೆಲ್ ಕಾಲಿನ್ಸ್ ಆಮೇಲೆ ಬಾಲ್ಕೋ ಹಗರಣದಲ್ಲಿ (ಆ ಹೆಸರಿನ ಅಮೆರಿಕದ ಕಂಪನಿ ಕ್ರೀಡಾಪಟುಗಳಿಗೆ ನಿಷೇಧಿತ ಮದ್ದು ಪೂರೈಸಿದ ಪ್ರಕರಣ) ಸಿಕ್ಕಿಬಿದ್ದರು. ಕೂತಲ್ಲೇ ಕಂಚು ಬೆಳ್ಳಿಯಾಯಿತು. ಅದೇ ಆಗಸ್ಟ್, ಪ್ಯಾರಿಸ್, ವಿಶ್ವ ಚಾಂಪಿಯನ್‌ಶಿಪ್: 22.38 ಸೆಕೆಂಡು, ಎರಡನೇ ಸ್ಥಾನ. 22.05ಕ್ಕೆ ಗೆದ್ದವರು ಕೆಲ್ಲಿ ವೈಟ್, ಅವರೂ ಅಮೆರಿಕದವರೇ. ಅವರ ಮೂತ್ರದಲ್ಲಿ ನಿದ್ದೆ ಓಡಿಸುವ ಮದ್ದು ಮೊಡಾಫಿನಿಲ್ ಸಿಕ್ಕಿತು. ತಮಗೆ ಹಗಲೆಲ್ಲ ನಿದ್ದೆ ಎಳೆಯುವ ಕಾಯಿಲೆ, ಅದಕ್ಕೇ ಮಾತ್ರೆ ಎಂದರು. ಕುಂಭಕರ್ಣನ ಕಾಯಿಲೆ ಇಟ್ಟುಕೊಂಡು 22 ಸೆಕೆಂಡಿನಲ್ಲಿ 200 ಮೀಟರ್ ಓಡುವುದು ನಿಜಕ್ಕೂ ಸಾಧನೆಯೇ. 2004ರ ಮೇ ತಿಂಗಳಲ್ಲಿ ತಪ್ಪೊಪ್ಪಿಕೊಂಡು ಎರಡು ವರ್ಷದ ನಿಷೇಧಕ್ಕೆ ತಲೆಬಾಗಿದರು. ಚಿನ್ನ ಕಪಾಚಿನ್ಸ್ಕಯಾ ಖಾತೆಗೆ ಬಿತ್ತು.

ಆದರೆ ಆ ಹೊತ್ತಿಗೆ ಹೊಸ ಖಾತೆದಾರರದೇ ಕಥೆ ಕೆಟ್ಟಿತ್ತು. ಎರಡು ತಿಂಗಳ ಹಿಂದೆ ಬುಡಾಪೆಸ್ಟ್‌ನ ಒಳಾಂಗಣ ವಿಶ್ವ ಕೂಟದಲ್ಲಿ 200 ಮೀಟರ್ ಗೆದ್ದು ಅವರು ಕೊಟ್ಟಿದ್ದ ಮೂತ್ರದ ಮಾದರಿಯಲ್ಲಿ ಸ್ನಾಯು ಬೆಳೆಸುವ ಸ್ಟೀರಾಯ್ಡ್ ಸ್ಟಾನೊಜೊಲೋಲ್ ಇತ್ತು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಓಟಗಾರ ಬೆನ್ ಜಾನ್ಸನ್ ಮಾನ ಕಳೆದ ಅದೇ ಸ್ಟಾನೊಜೊಲೋಲ್. ಬುಡಾಪೆಸ್ಟ್ ಚಿನ್ನ ಹೋಯಿತು, ಎರಡು ವರ್ಷ ನಿಷೇಧ ಬಂತು. ಪ್ಯಾರಿಸ್‌ನಲ್ಲಿ ಮೂರನೆಯವರಾಗಿ ಓಡಿ ಬೆಳ್ಳಿಗೆ ಬಡ್ತಿ ಪಡೆದ ಅಮೆರಿಕದ ಟಾರಿ ಎಡ್ವರ್ಡ್ಸ್ ಕೂಡ 2004ರಲ್ಲೇ ನಿಕೆಥಮೈಡ್ ಎಂಬ ಉತ್ತೇಜಕ ಮದ್ದಿಗೆ ಸಿಕ್ಕಿಬಿದ್ದರು. ಕಾರಣ ಗ್ಲೂಕೋಸ್ ಮಾತ್ರೆಯಂತೆ. ಹೀಗೆ ಒಂದೇ ಓಟದ ಮೊದಲ ಮೂವರೂ ಒಂದೇ ವರ್ಷದಲ್ಲಿ ಸಾಲಾಗಿ ನಿಷೇಧಕ್ಕೆ ಬಂದರು. ಓಟದಲ್ಲಿ ಇದ್ದ ಅಂತರ ಇಲ್ಲಿ ಇರಲಿಲ್ಲ.

ಈ ಮಾದರಿ ಎನ್ನುವುದರ ಶಿಸ್ತು ನೋಡಬೇಕು. ಕನಿಷ್ಠ 90 ಮಿಲಿಲೀಟರ್ ಬೇಕು: ಮೊದಲ ಪರೀಕ್ಷೆಯ ‘ಎ’ ಬಾಟಲಿಗೆ 60, ಮರುಪರೀಕ್ಷೆಯ ‘ಬಿ’ಗೆ 30. ಅದೇ ಲಿಂಗದ ಅಧಿಕಾರಿ ಎದುರೇ ನಿಂತು ಕಣ್ಣು ಮಿಟುಕಿಸದೆ ನೋಡಬೇಕು. ಮೊಹರು ಮುರಿಯದ ಕಿಟ್ ಅನ್ನು ಓಟಗಾರ್ತಿಯೇ ಆರಿಸಬೇಕು, ಬಾಟಲಿಗೆ ತಾನೇ ಸುರಿಯಬೇಕು. ಸುಸ್ತಾಗಿ ಬಂದು ಗಟಗಟ ನೀರು ಕುಡಿದರೆ ಮೂತ್ರ ತೆಳುವಾಗಿ ಸಾಂದ್ರತೆ (ನೀರಿನದು 1 ಎಂದುಕೊಂಡರೆ) 1.005ಕ್ಕಿಂತ ಕೆಳಗಿಳಿಯುತ್ತದೆ. ಆಗ ಇನ್ನೊಮ್ಮೆ ಕೊಡು ಎನ್ನುತ್ತಾರೆ. ಓಟ ಮುಗಿದು ಗಂಟೆಗಟ್ಟಲೆ ಕುರ್ಚಿಯ ಮೇಲೆ ಕೂತು ಅದಕ್ಕಾಗಿ ಕಾಯುವವರಿದ್ದಾರೆ. ಇಷ್ಟೆಲ್ಲ ನಿಗಾ ಬಾಟಲಿಯ ಹೊರಗೆ. ಒಳಗಿರುವುದನ್ನು ಓದುವ ವಿದ್ಯೆ ಮಾತ್ರ ಆಗಿನ್ನೂ ಅರ್ಧ ಕಲಿತದ್ದು.

ನಿಷೇಧ ಮುಗಿಸಿ ಬಂದ ಕಪಾಚಿನ್ಸ್ಕಯಾ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 4x400 ರಿಲೇಯ ಕೊನೆಯ ಸುತ್ತು ಓಡಿದರು. ಅಮೆರಿಕದ ಸಾನ್ಯಾ ರಿಚರ್ಡ್ಸ್ ಕೊನೆಯಲ್ಲಿ ದಾಟಿಕೊಂಡು ಹೋದರು. ಅಮೆರಿಕ 3 ನಿಮಿಷ 18.54 ಸೆಕೆಂಡು, ರಷ್ಯಾ 3 ನಿಮಿಷ 18.82 ಸೆಕೆಂಡು, ಬೆಳ್ಳಿ. ಮುಂದೆಂದಾದರೂ ಮತ್ತೆ ಪರೀಕ್ಷಿಸಲೆಂದು ಮೂತ್ರ ಫ್ರೀಜರ್‌ಗೆ ಹೋಯಿತು.

ಈಗ ಕಥೆಯ ರಸವತ್ತಾದ ಜಾಗ. ಟುರಿನಬೋಲ್ ಎಂಬ ಸ್ಟೀರಾಯ್ಡ್ ಪೂರ್ವ ಜರ್ಮನಿಯ ಸರ್ಕಾರಿ ಮದ್ದು, ಅಲ್ಲಿನ ಕ್ರೀಡಾಪಟುಗಳಿಗೆ ಸರ್ಕಾರವೇ ಕೊಟ್ಟದ್ದು. ದೇಹದಲ್ಲಿ ಅದು ಒಡೆದು ಉಳಿಯುವ ಪದಾರ್ಥಗಳನ್ನು ಹಳೆಯ ಪರೀಕ್ಷೆ ಕೆಲವು ದಿನ ಮಾತ್ರ ಹಿಡಿಯುತ್ತಿತ್ತು. ವಾರಗಟ್ಟಲೆ ಉಳಿಯುವ ಕುರುಹೊಂದನ್ನು ಪತ್ತೆಹಚ್ಚಿ 2012ರಲ್ಲಿ ಪ್ರಕಟಿಸಿದ್ದು ಯಾರು? ಮಾಸ್ಕೋದ ಮದ್ದು ಪರೀಕ್ಷಾಲಯ! ಅದರ ಮುಖ್ಯಸ್ಥ ಗ್ರಿಗೊರಿ ರೊದ್ಚೆಂಕೊವ್. ಇದೇ ಮಹಾಶಯರು ಮೂರು ಸ್ಟೀರಾಯ್ಡ್‌ಗಳನ್ನು ಮದ್ಯದಲ್ಲಿ ಕರಗಿಸಿ, ಗಂಡಸರಿಗೆ ವಿಸ್ಕಿ, ಹೆಂಗಸರಿಗೆ ವರ್ಮತ್ ಎಂಬ ವೈನ್ ಎಂದು ವಿಂಗಡಿಸಿ, ಬಾಯಲ್ಲಿ ಮುಕ್ಕಳಿಸಿ ಉಗುಳಲು ರಷ್ಯಾದ ಕ್ರೀಡಾಪಟುಗಳಿಗೆ ಕೊಡುತ್ತಿದ್ದುದಾಗಿ 2016ರಲ್ಲಿ ತಾವೇ ಹೇಳಿದರು. ಒಂದು ಮಿಲಿಲೀಟರ್ ಮದ್ಯಕ್ಕೆ ಒಂದು ಮಿಲಿಗ್ರಾಂ. ಕೀಲಿ ಮಾಡುವವನೂ ಅವನೇ, ಕನ್ನಗತ್ತರಿ ಮಾಡುವವನೂ ಅವನೇ. ಎರಡೂ ಅಂಗಡಿ ಒಂದೇ ಸೂರಿನಡಿ.

ಹೊಸ ವಿದ್ಯೆಯಿಂದ ಬೀಜಿಂಗ್‌ನ ಬಾಟಲಿಗಳನ್ನು ಮತ್ತೆ ತೆರೆದರು. ಕಪಾಚಿನ್ಸ್ಕಯಾ ಮಾದರಿಯಲ್ಲಿ ಟುರಿನಬೋಲ್, ಜೊತೆಗೆ ಹಳೆಯ ಸ್ನೇಹಿತ ಸ್ಟಾನೊಜೊಲೋಲ್. ಅದೇ ತಂಡದ ತತ್ಯಾನಾ ಫಿರೋವಾ ಅವರ ಮಾದರಿಯಲ್ಲೂ ನಿಷೇಧಿತ ಮದ್ದು ಸಿಕ್ಕಿತು. 2016ರ ಆಗಸ್ಟ್‌ನಲ್ಲಿ, ಓಟಕ್ಕೆ ಎಂಟು ವರ್ಷ ತುಂಬಲು ಕೆಲವೇ ದಿನ ಬಾಕಿ ಇದ್ದಾಗ, ಬೆಳ್ಳಿ ರದ್ದು. ರಿಲೇಯಲ್ಲಿ ಒಬ್ಬರು ಸಿಕ್ಕರೆ ನಾಲ್ವರದ್ದೂ ಹೋಗುತ್ತದೆ. ಜಮೈಕಾ ಬೆಳ್ಳಿಗೆ ಏರಿತು. ಕಂಚು ನಾಲ್ಕನೆಯ ಬೆಲಾರುಸ್‌ಗೆ ಹೋಗಬೇಕಿತ್ತು; ಅವರ ಬಾಟಲಿಯೂ ಕೆಟ್ಟಿತ್ತು. ಕೊನೆಗೆ ಐದನೆಯವರಾಗಿ ಓಡಿ, ಬೆವರು ಒರೆಸಿಕೊಂಡು ಮನೆಗೆ ಹೋಗಿದ್ದ ಬ್ರಿಟನ್ನಿನ ನಾಲ್ವರು ಕಂಚಿನ ವಾರಸುದಾರರಾದರು. 2011ರ ಡೇಗು ವಿಶ್ವ ಕೂಟದ 400 ಮೀಟರ್‌ನಲ್ಲಿ 50.24 ಸೆಕೆಂಡಿಗೆ ಕಪಾಚಿನ್ಸ್ಕಯಾ ಗೆದ್ದಿದ್ದ ಕಂಚೂ ಹೀಗೇ ಅಮೆರಿಕದ ಫ್ರಾನ್ಸೆನಾ ಮೆಕೊರೊರಿಗೆ ವರ್ಗವಾಯಿತು.

ಇಷ್ಟಾದರೂ ಪ್ಯಾರಿಸ್‌ನ ಚಿನ್ನ ಇಂದಿಗೂ ಕಪಾಚಿನ್ಸ್ಕಯಾ ಹೆಸರಿನಲ್ಲೇ ಇದೆ. ಓಡಿ ಗೆದ್ದ ಬುಡಾಪೆಸ್ಟ್ ಚಿನ್ನ ಹೋಯಿತು, ಓಡಿ ಸೋತ ಪ್ಯಾರಿಸ್ ಚಿನ್ನ ಉಳಿಯಿತು. ದಾಖಲೆ ಪ್ರಕಾರ ಎಲ್ಲವೂ ಸರಿ.

ಅಂದ ಹಾಗೆ, ಬುಡಾಪೆಸ್ಟ್ ಆದಮೇಲೆ ಒಳಾಂಗಣ ವಿಶ್ವ ಕೂಟದಿಂದ 200 ಮೀಟರ್ ಓಟವನ್ನೇ ತೆಗೆದುಹಾಕಿದರು. ತಿರುವು ಬಹಳ ಬಿಗಿ, ಒಳಗಿನ ಲೇನ್ ಸಿಕ್ಕವರಿಗೆ ಅನ್ಯಾಯವಾಗುತ್ತದೆ ಎಂಬ ಕಾರಣಕ್ಕೆ.