ಭೇದಿಗೆ ಪ್ರವೇಶವಿಲ್ಲ

ನಮ್ಮ ಹುಬ್ಬಳ್ಳಿ ನಲ್ಲಿಗೆ ದಿನಗಟ್ಟಲೆ ಕಾಯಿಸಿ ಬರುವ ಮಲಪ್ರಭೆ, 2019ರ ಆಗಸ್ಟ್‌ನಲ್ಲಿ ಗದಗ ಜಿಲ್ಲೆಯ ಹೊಳೆದಂಡೆ ಊರುಗಳ ಅಡುಗೆಮನೆಗೆ ಕರೆಯದೆಯೇ ಬಂದಳು. ಜನ ಗಂಟುಮೂಟೆ ಕಟ್ಟಿಕೊಂಡು ಶಾಲೆ ಸೇರಿದರು. ಶಾಲೆಗೆ ‘ಪರಿಹಾರ ಕೇಂದ್ರ’ ಅಂತ ಬೋರ್ಡು ಬಿತ್ತು. ನಾವು ರೊಟ್ಟಿ, ಶೇಂಗಾ ಚಟ್ನಿ ಹೇರಿಕೊಂಡು ಅಂಥದ್ದೊಂದು ಶಾಲೆಗೆ ಹೋದಾಗ ಊಟದ ಸಾಲಿಗಿಂತ ಪಾಯಿಖಾನೆ ಸಾಲೇ ಉದ್ದ ಇತ್ತು.

ಮೂಲೆಯಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ನೋಟ್‌ಬುಕ್ ಹಿಡಿದು ಕೂತಿದ್ದರು. ಒಂದೊಂದು ಹೆಸರಿನ ಮುಂದೆ ಪೆನ್ಸಿಲ್ ಗೀಟುಗಳು. ಯಾರು ಎಷ್ಟು ಸಲ ಹೋಗಿ ಬಂದರು ಅನ್ನುವ ಲೆಕ್ಕ. ಅಷ್ಟರಲ್ಲಿ ಸಾಹೇಬರು ಜೀಪಿನಿಂದ ಇಳಿದರು.

“ಎಷ್ಟ್ ಕೇಸವಾ?”

“ಹನ್ನೊಂದ್ರಿ ಸಾಹೇಬ್ರ. ಬರೇ ನೀರಿನಂಗ ಹೊಂಟೈತ್ರಿ.”

“ಭೇದಿ ಅನಬ್ಯಾಡ. ರೊಟ್ಟಿ ಜಾಸ್ತಿ ತಿಂದು ಹೊಟ್ಟಿ ಕೆಟ್ಟೈತಿ ಅನ್ನು.”

(ರೊಟ್ಟಿ ತಂದವರು ನಾವು. ಕುತ್ತಿಗೆಗೆ ಬಂತು ನೋಡಿ!)

“ಮೂರ ತಿಂಗಳ ಕೂಸೂ ಐತ್ರಿ ಇದರಾಗ. ಅದು ರೊಟ್ಟಿ ತಿಂದಿಲ್ರಿ.”

ಸಾಹೇಬರು ಕೂಸನ್ನು ನೋಡಲಿಲ್ಲ. ಫಾರ್ಮು ನೋಡಿದರು. ಸೊನ್ನೆ ಬರೆಸಿದರು.

ರೋಗದ ಮೇಲೆ ಕಣ್ಣಿಡುವ ಈ ಪದ್ಧತಿ ನಮ್ಮ ದೇಶದಲ್ಲಿ 2004ರಲ್ಲೇ ಶುರುವಾಗಿದೆ. ಹಳ್ಳಿಯ ಆರೋಗ್ಯ ಸಬ್‌ಸೆಂಟರಿನವರಿಗೆ ‘ಎಸ್’ ಫಾರ್ಮು, ಡಾಕ್ಟರಿಗೆ ‘ಪಿ’, ಲ್ಯಾಬಿಗೆ ‘ಎಲ್’. ಒಂದೂ ಕೇಸಿಲ್ಲದಿದ್ದರೂ ಸೊನ್ನೆ ಅಂತ ಬರೆದೇ ಕಳಿಸಬೇಕು. ‘ನೋಡಿದೆವು, ಯಾರಿಗೂ ಇಲ್ಲ’ ಅನ್ನೋದು ಬೇರೆ, ‘ನಾವು ನೋಡೇ ಇಲ್ಲ’ ಅನ್ನೋದು ಬೇರೆ, ಅಲ್ವಾ? ನಮ್ಮ ಸಾಹೇಬರು ಸುಮ್ನೆ ಕೂರದೆ ಮೂರನೆಯದೊಂದನ್ನು ಕಂಡುಹಿಡಿದಿದ್ದಾರೆ: ‘ನೋಡಿದೆವು, ಬಹಳ ಜನಕ್ಕಿದೆ, ಅದಕ್ಕೇ ಸೊನ್ನೆ’.

ಲೆಕ್ಕ ಸರಿಯಾಗೇ ಇದೆ. ಹನ್ನೊಂದು ಬರೆದರೆ ಮೇಲಿನವರು ಬರುತ್ತಾರೆ, ನೀರು ಪರೀಕ್ಷೆಗೆ ಹೋಗುತ್ತದೆ, ಪಾಯಿಖಾನೆ ಗುಂಡಿ ಪಕ್ಕದಲ್ಲೇ ಇರುವ ಬೋರ್‌ವೆಲ್ ಕಣ್ಣಿಗೆ ಬೀಳುತ್ತದೆ. 1854ರಲ್ಲಿ ಲಂಡನ್ನಿನ ಡಾಕ್ಟರ್ ಜಾನ್ ಸ್ನೋ ಕಾಲರಾ ಸಾವುಗಳ ಲೆಕ್ಕ ಹಿಡಿದು, ಬೀದಿ ಪಂಪಿನ ನೀರೇ ಕಾರಣ ಅಂತ ತೋರಿಸಿದ್ದಕ್ಕೆ ಅಲ್ಲಿನವರು ಆ ಪಂಪಿನ ಹಿಡಿಕೆ ಕಿತ್ತರು. ನಮ್ಮಲ್ಲಾಗಿದ್ದರೆ ಲೆಕ್ಕದ ಪುಸ್ತಕ ಕಿತ್ತುಕೊಳ್ಳುತ್ತಿದ್ದರು.

ಸೊನ್ನೆ ಕೇಸಿಗೆ ಓಆರ್‌ಎಸ್ ಪೊಟ್ಟಣವೂ ಸೊನ್ನೆ. ಆಶಾ ಅಕ್ಕ ಶಾಲೆಯ ಒಲೆ ಮೇಲೆ ನೀರು ಕುದಿಸಿ ಆರಿಸಿ, ಲೀಟರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕದಡತೊಡಗಿದರು.

ಚಾ ಕುಡಿದು ಸಾಹೇಬರು ಜೀಪು ಹತ್ತಿದರು. ಡ್ರೈವರ್ ಇಲ್ಲ. ನಿನ್ನೆ ಇಡೀ ದಿನ ಆತ ಇಲ್ಲೇ ಡ್ಯೂಟಿಯಲ್ಲಿದ್ದ. ಸಾಹೇಬರು ತಾವೇ ಹಾರ್ನ್ ಒತ್ತಿದರು. ಪಾಯಿಖಾನೆ ಸಾಲಿನ ನಡುವಿನಿಂದ ಒಂದು ಕೈ ಮೇಲೆದ್ದಿತು.

ಅಕ್ಕ ಚಮಚ ಕೆಳಗಿಟ್ಟು ಪೆನ್ಸಿಲ್ ಹುಡುಕಿದರು.