ಐದು ಹೆಜ್ಜೆಯಲ್ಲಿ ಹ್ಯಾಸ್ಕೆಲ್, ಹತ್ತು ನಿಮಿಷದಲ್ಲಿ ಮೋಕ್ಷ

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ವಿಕಿಯನ್ನು ಹೊಸಬರಿಗೆ ಅರ್ಥವಾಗುವ ಹಾಗೆ ಜೋಡಿಸಬೇಕು ಅಂತ ಮತ್ತೆ ಯಾರೋ ಎದ್ದಿದ್ದಾರೆ. ಸಂತೋಷ. ಇಂಥವರು ಆಗಾಗ ಏಳುತ್ತಿರುತ್ತಾರೆ. ಎದ್ದು ಹಳೆಯ ಪರಿಚಯದ ಪುಟಗಳನ್ನೆಲ್ಲ ನೋಡುತ್ತಾರೆ. ಛೆ, ಗೊಂದಲ ಜಾಸ್ತಿ ಆಯ್ತು ಅನ್ನುತ್ತಾರೆ. ಗೊಂದಲ ಕಡಿಮೆ ಮಾಡಲು ಇನ್ನೊಂದು ಪರಿಚಯದ ಪುಟ ಸೇರಿಸಿ ಮಲಗುತ್ತಾರೆ.

ಹೊಸಬರಿಗೆ ಅಲ್ಲಿ ಏನೂ ಇಲ್ಲ ಅಂತ ಮಾತ್ರ ಹೇಳಬೇಡಿ, ಪಾಪ ಬರುತ್ತದೆ. ‘ಐದು ಹೆಜ್ಜೆಯಲ್ಲಿ ಹ್ಯಾಸ್ಕೆಲ್’ ಅಂತ ಒಂದು ಪುಟ ಇದೆ. ಅವಸರದವರಿಗೆ ‘ಹತ್ತು ನಿಮಿಷದಲ್ಲಿ ಹ್ಯಾಸ್ಕೆಲ್ ಕಲಿಯಿರಿ’ ಅಂತ ಇನ್ನೊಂದು. 1990ರಲ್ಲಿ ಒಂದು ಸಮಿತಿಯೇ ಕೂತು ಮೊದಲ ವರದಿ ಹೊರತಂದ ಭಾಷೆ ಇದು. ಆ ಪ್ರೊಫೆಸರುಗಳಿಗೆ ವರ್ಷಗಳು ಹಿಡಿದವು. ನಿಮಗೆ ಹತ್ತು ನಿಮಿಷ ಸಾಕು.

ಐದು ಹೆಜ್ಜೆಯ ಪುಟ ಚೆನ್ನಾಗಿಯೇ ಶುರುವಾಗುತ್ತದೆ. ಇನ್‌ಸ್ಟಾಲ್ ಮಾಡಿ. ತೆರೆಯಿರಿ. ಹಲೋ ವರ್ಲ್ಡ್ ಟೈಪ್ ಮಾಡಿ. ಒಂದು ಫ್ಯಾಕ್ಟೋರಿಯಲ್ (ಒಂದರಿಂದ ಆ ಸಂಖ್ಯೆಯವರೆಗಿನ ಗುಣಾಕಾರ) ಬರೆಯಿರಿ. ಪರವಾಗಿಲ್ಲ, ನಮಗೂ ತಲೆಗೆ ಹೋಗುತ್ತೆ ಅಂತ ಹುಡುಗ ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ‘ನಿಮ್ಮ ಮೊದಲ ಪ್ಯಾರಲಲ್ ಪ್ರೋಗ್ರಾಂ ಬರೆಯಿರಿ’ ಅನ್ನುತ್ತದೆ! ಒಂದು ಕಡೆ ದಿಢೀರನೆ ದೈತ್ಯವಾಗಿ ಬೆಳೆಯುವ ಅಕರ್‌ಮನ್ ಫಂಕ್ಷನ್, ಇನ್ನೊಂದು ಕಡೆ 42ರ ಫ್ಯಾಕ್ಟೋರಿಯಲ್, ಮತ್ತೊಂದು ಕಡೆ ಫಿಬೊನಾಚಿ ಸರಣಿಯ 34ನೆಯ ಸಂಖ್ಯೆ. ಮೂರನ್ನೂ ಒಟ್ಟೊಟ್ಟಿಗೆ ಲೆಕ್ಕ ಹಾಕಿಸಿ ಕೂಡಿಸಬೇಕು. ಈ ಮೂರನ್ನು ಯಾರಾದರೂ ಯಾಕೆ ಕೂಡಿಸುತ್ತಾರೆ ಅಂತ ಕೇಳಬಾರದು. ಕೇಳುವವರು ಪೈಥಾನ್ ಭಾಷೆಗೆ ಹೋಗಬಹುದು, ಬಾಗಿಲು ತೆರೆದೇ ಇದೆ.

ಇದೆಲ್ಲ ದಾಟಿದವರಿಗೆ ಮೊನಾಡ್ ಕಾದಿರುತ್ತದೆ. ಲೆಕ್ಕದ ಹೆಜ್ಜೆಗಳನ್ನು ಒಂದಕ್ಕೊಂದು ಪೋಣಿಸುವ ಒಂದು ಪರಿಕಲ್ಪನೆ ಅದು, ಹೊಸಬರ ತಲೆಗೆ ಸುಲಭಕ್ಕೆ ಹೋಗುವುದಿಲ್ಲ. ಮೊನಾಡ್ ವಿವರಿಸುವ ಟ್ಯುಟೋರಿಯಲ್‌ಗಳು ಎಷ್ಟಾದವು ಅಂದರೆ, ಅವನ್ನು ವರ್ಷದ ಪ್ರಕಾರ ಜೋಡಿಸಿಡಲು ವಿಕಿಯಲ್ಲಿ ಒಂದು ಪ್ರತ್ಯೇಕ ಪುಟವೇ ಆಯಿತು. ಒಂದರಿಂದ ಅರ್ಥವಾಗಿದ್ದರೆ ಎರಡನೆಯದು ಯಾಕೆ ಬರುತ್ತಿತ್ತು, ಅಲ್ವಾ? ಒಬ್ಬರು ಡಬ್ಬಿ ಅಂದರು, ಒಬ್ಬರು ಬಾಹ್ಯಾಕಾಶದ ಉಡುಪು ಅಂದರು. ಈ ಹೋಲಿಕೆಗಳ ಹುಚ್ಚನ್ನು ಗೇಲಿ ಮಾಡಲು 2009ರಲ್ಲಿ ಬ್ರೆಂಟ್ ಯಾರ್ಗಿ ಎಂಬ ಹ್ಯಾಸ್ಕೆಲ್ ಪಂಡಿತರು ‘ಮೊನಾಡ್ ಅಂದರೆ ಬುರಿಟೊ’ (ಒಳಗೆ ಪಲ್ಯ ತುಂಬಿ ಸುತ್ತಿದ ಮೆಕ್ಸಿಕೊದ ರೊಟ್ಟಿ) ಅಂತ ಬರೆದರು. ಗೇಲಿ ಅಂತ ಗೊತ್ತಾಗದೆ ಎಷ್ಟು ಜನ ಬುರಿಟೊದ ಬೆನ್ನು ಹತ್ತಿದರೋ, ದೇವರೇ ಬಲ್ಲ.

ಬುರಿಟೊ ಕಂಡಿರದ ನಮ್ಮವರಿಗೆ ಈಗ ತಿಳಿಯದ ವಿಷಯ ಎರಡಾದವು. ಕನ್ನಡದಲ್ಲಿ ಬರೆದರೆ ಖಂಡಿತ ಹೋಳಿಗೆ ಅಂತಲೇ ಬರೆಯುತ್ತಾರೆ. ಕಣಕ ಟೈಪು, ಹೂರಣ ಅದರೊಳಗಿನ ಮೌಲ್ಯ, ಹೂರಣವನ್ನು ಕೈಯಲ್ಲಿ ಮುಟ್ಟುವ ಹಾಗಿಲ್ಲ, ಕಣಕದ ಸಮೇತವೇ ತಟ್ಟಬೇಕು. ಎರಡನೆಯ ದಿನ ಬೇಳೆ ಹೋಳಿಗೆಯೋ ಕಾಯಿ ಹೋಳಿಗೆಯೋ ಅಂತ ಜಗಳ ಹತ್ತುತ್ತದೆ. ಮೂರನೆಯ ದಿನ ಧಾರವಾಡದವರು ಬಂದು, ಕಡಲೆಬೇಳೆ ಬಿಟ್ಟು ತೊಗರಿಬೇಳೆ ಹಾಕಿದ್ದನ್ನು ಹೋಳಿಗೆ ಅಂತ ಕರೆಯೋದೇ ತಪ್ಪು ಅನ್ನುತ್ತಾರೆ. ತುಪ್ಪ ಮೇಲೋ ಪಕ್ಕದಲ್ಲೋ ಅನ್ನುವುದಕ್ಕೆ ಬೇರೆ ಪುಟ. ಮೊನಾಡ್ ಪಾಪ ಒಲೆಯ ಮೇಲೆ ಸೀದು ಹೋಗಿರುತ್ತದೆ.

ತಮಾಷೆ ಸಾಕು. ಹೊಸಬರು ಎಲ್ಲಿ ಎಡವುತ್ತಾರೆ ಅಂತ ಯಾರಿಗೆ ಚೆನ್ನಾಗಿ ಗೊತ್ತು? ಹೋದ ವಾರ ಎಡವಿದವರಿಗೆ. ಪ್ರೋಗ್ರಾಂ ಕಟ್ಟುವ ಎರಡು ಸಲಕರಣೆಗಳಲ್ಲಿ ಕಬಾಲ್ ಹಿಡಿಯಬೇಕಾ, ಸ್ಟ್ಯಾಕ್ ಹಿಡಿಯಬೇಕಾ ಗೊತ್ತಾಗದೆ ಒಂದಿಡೀ ರಾತ್ರಿ ಕಳೆದ ಹುಡುಗಿಗೆ. ಹಳೆಯ ಟ್ಯುಟೋರಿಯಲ್ ನಂಬಿ ಹ್ಯಾಸ್ಕೆಲ್ ಪ್ಲಾಟ್‌ಫಾರ್ಮ್ ಎಂಬ ಇನ್‌ಸ್ಟಾಲ್ ಕಟ್ಟನ್ನು ಹುಡುಕಿಕೊಂಡು ಹೋಗಿ, ಅದನ್ನು ಕೈಬಿಟ್ಟಾಗಿದೆ, ಈಗ ಜಿಎಚ್‌ಸಿಅಪ್ ಎಂಬ ಇನ್‌ಸ್ಟಾಲರ್ ಬಳಸಿ ಅನ್ನಿಸಿಕೊಂಡವನಿಗೆ. ದಾರಿ ತಪ್ಪಿಸಿದ ಆ ಒಂದು ಸಾಲು ತಿದ್ದಲು ಅವರ ಕೈಯಲ್ಲಿ ಆಗುತ್ತಾ? ವಿಕಿಯಲ್ಲಿ ತಾವೇ ಖಾತೆ ತೆರೆಯುವ ಹಾಗಿಲ್ಲ. ಸ್ಪ್ಯಾಮ್ ಕಾಟ ಅಂತ ಅದನ್ನು ಮುಚ್ಚಿ, ಖಾತೆ ಬೇಕಾದವರು ಇಮೇಲ್ ಬರೆದು ಕೇಳಿ ಅಂತ ಮಾಡಿದರು. ಸ್ಪ್ಯಾಮ್ ಸುಳ್ಳಲ್ಲ, ಒಪ್ಪೋಣ. ಆದರೆ ಒಂದು ಸಾಲಿಗಾಗಿ ಅರ್ಜಿ ಹಾಕಿ ಕಾಯುವವರು ಯಾರು? ಅವರು ಸುಮ್ನೆ ಹೋಗುತ್ತಾರೆ. ಉಳಿದವರು ಹದಿನೈದು ವರ್ಷದ ಹಿಂದೆ ಎಡವಿ, ಎಡವಿದ್ದನ್ನೇ ಮರೆತವರು. ಅವರೇ ‘ಇದು ತುಂಬ ಸುಲಭ’ ಅಂತ ಬರೆಯುತ್ತಾರೆ. ಅರ್ಥ ಆಗದಿದ್ದವನು ತಾನು ದಡ್ಡ ಅಂದುಕೊಂಡು ಎದ್ದು ಹೋಗುತ್ತಾನೆ. ಇದು ನನಗೆ ಸಿಟ್ಟು ತರಿಸುತ್ತದೆ. ಸುಲಭ ಅಲ್ಲದ್ದನ್ನು ಸುಲಭ ಅನ್ನಬೇಡಿ, ಅಷ್ಟು ಸಾಕು.

ಈಗ ಎದ್ದವರಿಗೆ ಒಂದೇ ವಿನಂತಿ. ಹೊಸ ಪುಟ ಬೇಡ, ಹಳೆಯ ಹತ್ತನ್ನು ಅಳಿಸಿ. ಆಗುವುದಿಲ್ಲ ಬಿಡಿ. ಅಳಿಸಿದರೆ ಬರೆದವರಿಗೆ ಬೇಜಾರಾಗುತ್ತದಲ್ಲ! ಬರೆದವರಲ್ಲಿ ಅರ್ಧ ಜನ ಎಂದೋ ರಸ್ಟ್ ಎಂಬ ಇನ್ನೊಂದು ಭಾಷೆ ಕಲಿಯಲು ಹೋಗಿರಬೇಕು. ಅಲ್ಲಿ ಮೊದಲಿಗೇ ಒಂದು ಪುಸ್ತಕ ಕೈಗಿಡುತ್ತಾರೆ.